ಅಮ್ಮನ ಪಾಲಿಗೆ ಅದು ರೆಸಾರ್ಟ್

ಊರಲ್ಲಿರುವ ಅಮ್ಮನ ಲೆಕ್ಕದಲ್ಲಿ ನಾವು ಜೂನ್ ಮೊದಲ ವಾರ ಅಮೆರಿಕದ ಮಿನ್ನೆಸೋಟದ ಯಾವುದೋ ಕೆರೆ ಪಕ್ಕದ ರೆಸಾರ್ಟಿನಲ್ಲಿದ್ದೆವು. ನಿಜಕ್ಕೂ ಇದ್ದದ್ದು ಅಲ್ಲಿನ ಬೌಂಡರಿ ವಾಟರ್ಸ್ ಎಂಬ, ಕೆರೆಗಳೇ ತುಂಬಿದ ಕಾಡಿನಲ್ಲಿ. ನಾಲ್ಕು ದಿನ, ಬಾಡಿಗೆ ಕನೂ ದೋಣಿ, ಒಂದು ಟೆಂಟ್, ಜೊತೆಗೆ ಈಜು ಬಾರದ ಗಂಡ. ನೀವೂ ಮನೆಯಲ್ಲಿ ಏನೋ ಒಂದು ಹೇಳಿ ಹೊರಡುವ ಯೋಚನೆಯಲ್ಲಿದ್ದರೆ ಇದನ್ನೊಮ್ಮೆ ಓದಿ. ಸುಳ್ಳು ಹೇಳಬೇಡಿ ಅನ್ನುವುದಿಲ್ಲ, ನನಗೆ ಆ ಯೋಗ್ಯತೆ ಇಲ್ಲ. ಆದರೆ ಅದಕ್ಕೂ ಒಂದು ತಯಾರಿ ಬೇಕು.

"ರೆಸಾರ್ಟಲ್ಲಿ ನೆಟ್‌ವರ್ಕ್ ಇರಲ್ಲಮ್ಮ" ಅಂದಾಗಲೇ ಅಮ್ಮನಿಗೆ ಅನುಮಾನ ಬಂದಿತ್ತು. "ಅದೆಂಥ ರೆಸಾರ್ಟೇ, ಫೋನೂ ಇಲ್ವಾ? ನೀರಿಗೆ ಮಾತ್ರ ಇಳೀಬೇಡ" ಅಂದಳು. ಹೂಂ ಅಂದೆ.

ಆ ಕಾಡಿಗೆ ಹೋಗಲು ಬೇಕಾದ ಪರ್ಮಿಟ್ ವಿಷಯವೆಲ್ಲ ಬುಕ್ ಮಾಡುವಲ್ಲೇ ಗೊತ್ತಾಗುತ್ತದೆ. ಒಂದು ನೆನಪಿಡಿ: ಪರ್ಮಿಟ್ಟಿನಲ್ಲಿ ಬರೆದ ದಿನ, ಬರೆದ ಜಾಗದಿಂದಲೇ ಒಳಗೆ ಹೋಗಬೇಕು. ನಮಗೆ ಸಿಕ್ಕಿದ್ದು 30ನೇ ನಂಬರಿನ ಪ್ರವೇಶದ ಜಾಗ, ಲೇಕ್ ಒನ್ ಎಂಬ ಕೆರೆ. ಎಲಿ ಎಂಬ ಪುಟ್ಟ ಊರಿನಿಂದ ಫರ್ನ್‌ಬರ್ಗ್ ರಸ್ತೆ ಹಿಡಿದು ಅದರ ಕೊನೆಗೆ ಹೋಗಬೇಕು. ಮಿನಿಯಾಪೊಲಿಸ್‌ನಿಂದ ಎಲಿಗೆ ಕಾರಿನಲ್ಲಿ ನಾಲ್ಕು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಹಿಂದಿನ ರಾತ್ರಿ ಎಲಿಯಲ್ಲೇ ಉಳಿದೆವು. ಅಲ್ಲೇ ಮೊದಲ ಪೆಟ್ಟು. ಮೋಟೆಲ್ ರೂಮಿಗೆ 214 ಡಾಲರ್. ಒಳಗೆ ಹಳೇ ಕಾರ್ಪೆಟ್ಟಿನ ಮುಗ್ಗಲು ವಾಸನೆ. ಕಿಟಕಿ ತೆರೆದರೆ ಕಸದ ಡಬ್ಬ, ಮುಚ್ಚಿದರೆ ಉಸಿರು ಕಟ್ಟುತ್ತದೆ. ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುತ್ತಿತ್ತು. ಆ ದುಡ್ಡಿಗೆ ಒಂದು ಒಳ್ಳೇ ಟೆಂಟ್ ಕೊಳ್ಳಬಹುದಿತ್ತು.

ಬೆಳಿಗ್ಗೆ ದೋಣಿ ಬಾಡಿಗೆ ಅಂಗಡಿ. ಕೆವ್ಲಾರ್ ಎಂಬ ಹಗುರ ನಾರಿನಿಂದ ಮಾಡಿದ ದೋಣಿಯನ್ನೇ ತೊಗೊಳ್ಳಿ, ಸುಮಾರು 20 ಕಿಲೋ ಅಷ್ಟೇ, ಒಬ್ಬರೇ ಹೆಗಲ ಮೇಲೆ ಹೊರಬಹುದು. ಆದರೆ ಅದು ಬಂಡೆಗೆ ತಾಗಿದರೆ ಗೀರು ಬೀಳುತ್ತದೆ. ದಡಕ್ಕೆ ಎಳೆಯಬಾರದು, ಪಾದ ಮುಳುಗುವಷ್ಟು ನೀರಿನಲ್ಲೇ ಇಳಿದು ದೋಣಿಯನ್ನು ಎತ್ತಬೇಕು. ಶೂ ಒದ್ದೆಯಾಗುತ್ತದೆ, ಆಗಲಿ. ನಾವು ಹಾಗೇ ಮಾಡಿದೆವು. ಆದರೂ ವಾಪಸ್ ಕೊಡುವಾಗ ತಳದಲ್ಲೊಂದು ಗೀರು ತೋರಿಸಿ 150 ಡಾಲರ್ ಕಿತ್ತರು. ಅದು ಮೊದಲೇ ಇತ್ತೋ ಏನೋ, ನಮ್ಮ ಹತ್ತಿರ ಫೋಟೋ ಇರಲಿಲ್ಲ. ನೀವು ದೋಣಿ ಮಗುಚಿ ಹಾಕಿಸಿ, ತಳದ ಫೋಟೋ ತೆಗೆದುಕೊಂಡೇ ಹೊರಡಿ.

ಅದೇ ಅಂಗಡಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು, ಹಿಂದಿನಿಂದ ಯಾರಿಗಾದರೂ ಅದರ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಕಿವಿಯ ತನಕ ಬಂದರೆ ಸಡಿಲ ಅಂತ ಅರ್ಥ. ಇದು ನನಗೆ ಆಮೇಲೆ ಗೊತ್ತಾಗಿದ್ದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಲೇಕ್ ಒನ್ ಹೆಸರಿಗೆ ಒಂದು ಕೆರೆ, ಒಳಗೆ ಚಕ್ರವ್ಯೂಹ. ಎಲ್ಲಿ ನೋಡಿದರೂ ದ್ವೀಪ, ದ್ವೀಪದ ಹಿಂದೆ ಕೊಲ್ಲಿ, ಎಲ್ಲದರಲ್ಲೂ ಒಂದೇ ಥರದ ಪೈನ್ ಮರ. ಕಣ್ಣಳತೆಯಲ್ಲಿ ಹೋಗುತ್ತೇವೆ ಅಂದುಕೊಂಡು ಎರಡು ಗಂಟೆ ತಪ್ಪು ಕೊಲ್ಲಿಯಲ್ಲಿ ಹುಟ್ಟು ಹಾಕಿದೆವು. ಕಾಗದದ ನಕ್ಷೆ ಮತ್ತು ದಿಕ್ಸೂಚಿ ತೊಡೆಯ ಮೇಲೇ ಇರಲಿ, ಚೀಲದೊಳಗಲ್ಲ. ನಕ್ಷೆಯಲ್ಲಿ ಪೋರ್ಟೇಜ್, ಅಂದರೆ ದೋಣಿ ಹೊತ್ತು ನಡೆಯುವ ದಾರಿಯನ್ನು ರಾಡ್ ಲೆಕ್ಕದಲ್ಲಿ ಬರೆದಿರುತ್ತಾರೆ. ಒಂದು ರಾಡ್ ಅಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ದೋಣಿಯಷ್ಟು ಉದ್ದ. ಸಾಮಾನು ಜಾಸ್ತಿ ಇದ್ದು ಎರಡು ಸಲ ಹೊರಬೇಕಾದರೆ ನಡೆಯುವುದು ಮೂರರಷ್ಟು, ಖಾಲಿ ಕೈಯಲ್ಲಿ ವಾಪಸ್ ಬರುವುದೂ ಸೇರುತ್ತದಲ್ವಾ!

ಸೊಳ್ಳೆ ಬಗ್ಗೆ ಎಲ್ಲರೂ ಹೇಳುತ್ತಾರೆ. ಶೌಚಾಲಯದ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ. ಪ್ರತಿ ಕ್ಯಾಂಪಿನ ಹಿಂದೆ ಕಾಡಿನಲ್ಲಿ ಒಂದು ಕೂರುವ ಪೀಠ ಇರುತ್ತದೆ. ಗೋಡೆ ಇಲ್ಲ, ಬಾಗಿಲು ಇಲ್ಲ, ಸೂರೂ ಇಲ್ಲ. ಆಮೇಲೆ ಅಮ್ಮ "ಬಾತ್‌ರೂಮ್ ಚೆನ್ನಾಗಿತ್ತೇನೇ?" ಅಂದಾಗ "ಗಾಳಿ ಬೆಳಕಿಗೆ ಏನೂ ಕೊರತೆ ಇರಲಿಲ್ಲ" ಅಂದೆ. ಆ ನಾಲ್ಕು ದಿನದ ಬಗ್ಗೆ ನಾನು ಹೇಳಿದ ಒಂದೇ ನಿಜ.

ಮನೆಯಲ್ಲಿ ನಿಜ ಗೊತ್ತಿದ್ದದ್ದು ತಮ್ಮನಿಗೆ ಮಾತ್ರ. ಸ್ನೇಹಿತರಿಂದ ತಂದ ಸ್ಯಾಟಲೈಟ್ ಸಾಧನ ಜೊತೆಗಿತ್ತು. ನಾವು ಎಲ್ಲಿದ್ದೇವೆ ಅನ್ನುವುದು ಅವನ ಫೋನಿನ ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಕಾಣುತ್ತದಲ್ಲ, ಸಾಕು ಅಂದುಕೊಂಡು ಮೊದಲ ರಾತ್ರಿ ಮೆಸೇಜ್ ಒತ್ತಲೇ ಇಲ್ಲ. ನಾವು ಮಲಗಿದ್ದು ಒಂದು ಸಣ್ಣ ದ್ವೀಪದ ಕ್ಯಾಂಪಿನಲ್ಲಿ. ಅವನ ನಕ್ಷೆಯಲ್ಲಿ ಆ ದ್ವೀಪವೇ ಇಲ್ಲ! ಅವನಿಗೆ ಕಂಡದ್ದು ನಡುನೀರಿನಲ್ಲಿ ನಿಂತ ಚುಕ್ಕೆ, ಹತ್ತು ಗಂಟೆ ಕಾಲ ಅಲ್ಲಾಡದ ಚುಕ್ಕೆ.

ನಮಗೆ ರಾತ್ರಿ ಎಂಟು ಅಂದರೆ ಅವನಿಗೆ ಬೆಳಿಗ್ಗೆ ಆರೂವರೆ. ಪಾಪ, ಆಫೀಸಿಗೂ ಹೋಗದೆ ಫೋನ್ ಹಿಡಿದು ಕೂತಿದ್ದನಂತೆ. ಅಮ್ಮ ಯಾಕೋ ಅಂದರೆ "ಹೊಟ್ಟೆ ಸರಿಯಿಲ್ಲ" ಅಂದಿದ್ದಾನೆ. ಅಮ್ಮ ಬಿಡುತ್ತಾಳಾ, ಅವತ್ತು ಎರಡು ಹೊತ್ತೂ ಬರೀ ಮಜ್ಜಿಗೆ ಅನ್ನ ಹಾಕಿದ್ದಾಳೆ. ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ, ನಾನು ಬರೆದುಕೊಟ್ಟಿರಲಿಲ್ಲ. 911 ಅಮೆರಿಕದ ತುರ್ತು ನಂಬರ್, ಆದರೆ ಭಾರತದಿಂದ ಒತ್ತಿದರೆ ಅಮೆರಿಕಕ್ಕೆ ಹೋಗುವುದಿಲ್ಲ. ಅಲ್ಲಿ ಕಳೆದುಹೋದವರನ್ನು ಹುಡುಕುವುದು ಕೌಂಟಿ ಶೆರಿಫ್ ಕಚೇರಿ, ಅಂದರೆ ನಮ್ಮ ಜಿಲ್ಲಾ ಪೊಲೀಸ್ ಇದ್ದ ಹಾಗೆ, ಲೇಕ್ ಒನ್ ಕಡೆಗೆ ಲೇಕ್ ಕೌಂಟಿಯದು. ಅದರ ಪೂರ್ತಿ ನಂಬರ್, ದೋಣಿ ಅಂಗಡಿಯ ನಂಬರ್, ಯಾವ ಕೆರೆಯಿಂದ ಯಾವ ಕೆರೆಗೆ, ಯಾವಾಗ ಹೊರಗೆ ಬರುತ್ತೀರಿ, ಎಷ್ಟು ಗಂಟೆ ತಡವಾದರೆ ಫೋನ್ ಮಾಡಬೇಕು, ಎಲ್ಲ ಒಂದು ಹಾಳೆಯಲ್ಲಿ ಬರೆದು ಒಬ್ಬರಿಗಾದರೂ ಕೊಡಿ. ಅಮ್ಮನಿಗೆ ಬೇಡ, ಅವಳು ಎರಡನೇ ಗಂಟೆಗೇ ಫೋನ್ ಮಾಡುತ್ತಾಳೆ.

ಲೇಕ್ ಒನ್ ಆದ ಮೇಲೆ ಟೂ, ಥ್ರೀ, ಫೋರ್ ಅಂತ ಕೆರೆಗಳ ಸಾಲು. ಎರಡನೇ ದಿನ ಲೇಕ್ ಫೋರ್ ತನಕ ಹೋದೆವು. ಆ ಕಡೆ 2011ರ ಪಗಾಮಿ ಕ್ರೀಕ್ ಬೆಂಕಿಯಲ್ಲಿ ಸುಟ್ಟ ಕಾಡು ಇದೆ. ಬೋಳು ಕಂಬಗಳಂಥ ಸತ್ತ ಮರ, ಕೆಳಗೆ ಎಳೇ ಪೈನ್. ಕರಡಿಗೆ ಸಿಗದಂತೆ ಊಟದ ಚೀಲ ತೂಗುಹಾಕಲು ಗಟ್ಟಿ ಕೊಂಬೆ ಸಿಗಲಿಲ್ಲ. ಹಗ್ಗ ನಂಬಬೇಡಿ, ಕರಡಿಗೆ ತೆರೆಯಲಾಗದ ಡಬ್ಬವನ್ನೇ ಬಾಡಿಗೆಗೆ ತೊಗೊಳ್ಳಿ.

ದೋಣಿ ಮಗುಚಿದ್ದು ಮೂರನೇ ದಿನ, ಲೇಕ್ ಥ್ರೀಯಲ್ಲಿ. ತಪ್ಪು ನನ್ನದೇ. ಉಪ್ಪಿಟ್ಟು, ಕಾಫಿ ಅಂತ ಹೊರಟಾಗ ಹನ್ನೊಂದಾಗಿತ್ತು. ಆಗಲೇ ಪಶ್ಚಿಮದ ಗಾಳಿ ಎದ್ದಿತ್ತು. ದಡ ಹಿಡಿದು ಸುತ್ತಿ ಹೋಗೋಣ ಎಂದು ಇವರು, ನೇರ ದಾಟೋಣ ಎಂದು ನಾನು. ನಡುವೆ ಅಲೆ ಪಕ್ಕದಿಂದ ಹೊಡೆಯಲು ಶುರುವಾಯಿತು. ಮುಂದೆ ಕೂತಿದ್ದ ಇವರು ಏನೋ ಹೇಳಲು ನನ್ನ ಕಡೆ ತಿರುಗಿದರು. ದೋಣಿಯ ಅಂಚಿನ ಮೇಲೆ ಒಂದು ತೆಳು ಹಾಳೆಯ ಹಾಗೆ ನೀರು ಒಳಗೆ ಜಾರಿದ್ದು ಕಂಡೆ. ಅಷ್ಟೇ.

ತಣ್ಣೀರಿನ ವಿಷಯದಲ್ಲಿ 1-10-1 ಅಂತ ಒಂದು ಲೆಕ್ಕ ಇದೆ. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ತರಲು, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಓದಿದ್ದೆ. ಆದರೆ ನೀರಿನಲ್ಲಿ ಯಾವ ಲೆಕ್ಕವೂ ನೆನಪಾಗಲಿಲ್ಲ, ಉಸಿರು ಒಳಗೆ ಹೋಗುತ್ತಿತ್ತೇ ಹೊರತು ಹೊರಗೆ ಬರುತ್ತಿರಲಿಲ್ಲ. ಸಡಿಲ ಜಾಕೆಟ್ ಮೇಲೆದ್ದು ಮೂಗು ಮುಚ್ಚಿತ್ತು. ಈಜು ಬಾರದ ಇವರೇ "ದೋಣಿ ಬಿಡಬೇಡ" ಎಂದು ಕೂಗಿದರು. ಮಗುಚಿದ ದೋಣಿಯೂ ತೇಲುತ್ತದೆ, ಅದನ್ನು ಬಿಟ್ಟು ಈಜಲು ಹೋಗಬಾರದು. ಗಾಳಿಯೇ ನಮ್ಮನ್ನು ದಡಕ್ಕೆ ತಳ್ಳಿತು. ಬಂಡೆಗೆ ತಾಗಿ ಇವರ ಮೊಣಕಾಲಿನ ಕೆಳಗೆ ಉದ್ದಕ್ಕೆ ಸೀಳಿತು. ಜಾಕೆಟ್ಟಿನ ಬಕಲ್ ತೆಗೆಯಲು ನನ್ನ ಬೆರಳು ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ತೆಗೆದೆ.

ನನ್ನ ಫೋನ್ ನೀರುಪಾಲು. ದೋಣಿಗೆ ಕಟ್ಟಿದ್ದ ಚೀಲ ಉಳಿಯಿತು, ಕಟ್ಟದೇ ಇಟ್ಟಿದ್ದ ಚೀಲ ಹೋಯಿತು. ಒಣ ಬಟ್ಟೆ ಮತ್ತು ಲೈಟರ್ ಉಳಿದ ಚೀಲದಲ್ಲಿದ್ದದ್ದು ಬರೀ ಅದೃಷ್ಟ. ರಾತ್ರಿ ಎಂಟಕ್ಕೆ ಸ್ಯಾಟಲೈಟ್ ಸಾಧನ ತೆಗೆದೆ. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಶಕ್ತಿ ಇರಲಿಲ್ಲ. ಮೊದಲೇ ತುಂಬಿಟ್ಟಿದ್ದ "ತಲುಪಿದೆವು, ಎಲ್ಲ ಸರಿ" ಅನ್ನುವುದನ್ನೇ ಕಳಿಸಿದೆ. ತಮ್ಮ ಅವತ್ತು ನೆಮ್ಮದಿಯಿಂದ ಆಫೀಸಿಗೆ ಹೋದನಂತೆ. ನೀವು ತುಂಬಿಡುವಾಗ "ತೊಂದರೆ ಆಗಿದೆ, ಸಂಭಾಳಿಸುತ್ತಿದ್ದೇವೆ" ಅನ್ನುವುದನ್ನೂ ಸೇರಿಸಿ.

ಮರುದಿನ ಎಲಿಗೆ ಬಂದು ಏಳು ಹೊಲಿಗೆ ಹಾಕಿಸಿದ ಮೇಲೆ ಹಸಿವು ನೆನಪಾಯಿತು. ಮುಖ್ಯ ರಸ್ತೆಯಿಂದ ಒಂದು ಬೀದಿ ಹಿಂದೆ ಆರೇ ಆರು ಮೇಜಿನ ಹೋಟೆಲ್. ವೈಲ್ಡ್ ರೈಸ್ ಸೂಪ್ ಹೇಳಿದೆವು. ಹೆಸರಿಗೆ ರೈಸ್, ಆದರೆ ಅಕ್ಕಿಯಲ್ಲ. ಕೆರೆಯಲ್ಲಿ ಬೆಳೆಯುವ ಹುಲ್ಲಿನ ಕಾಳು. ಅಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನ ಅದಕ್ಕೆ ಮನೂಮಿನ್ ಅನ್ನುತ್ತಾರೆ. ಕನೂವಿನಲ್ಲೇ ಹೋಗಿ ತೆನೆ ಬಗ್ಗಿಸಿ, ಕೋಲಿನಿಂದ ತಟ್ಟಿ ದೋಣಿಯೊಳಗೆ ಉದುರಿಸಿಕೊಳ್ಳುತ್ತಾರೆ. ಕಪ್ಪು ಕಾಳು ಬೆಂದು ಬಾಯಿ ಬಿಟ್ಟಿರುತ್ತದೆ, ಹಲ್ಲಿಗೆ ಸಿಕ್ಕಾಗ ಹುರಿದ ಗೋಧಿಯ ಪರಿಮಳ. ಮೇಲೆ ಕೆನೆ, ಅಣಬೆ, ಕರಿಮೆಣಸು. ಸಾಮಾನ್ಯವಾಗಿ ಚಿಕನ್ ಹಾಕಿರುತ್ತಾರೆ, ತಿನ್ನದವರು ಕೇಳಿಕೊಳ್ಳಿ. ಬಡಿಸುತ್ತಿದ್ದ ಅಜ್ಜಿ ಇವರ ಕಾಲಿನ ಬ್ಯಾಂಡೇಜ್ ನೋಡಿ "ಯಾವ ಕೆರೆ?" ಎಂದಷ್ಟೇ ಕೇಳಿ, ಎರಡನೇ ಬಟ್ಟಲನ್ನು ಹೇಳದೇ ತಂದಿಟ್ಟರು. ಇಬ್ಬರಿಗೆ ಬ್ರೆಡ್ಡು, ಕಾಫಿ ಸೇರಿ 23 ಡಾಲರ್. ಆ ಮೋಟೆಲ್ಲಿನ ಒಂದು ರಾತ್ರಿಯ ದುಡ್ಡಲ್ಲಿ ಅಲ್ಲಿ ಒಂಬತ್ತು ಸಲ ಊಟ ಮಾಡಬಹುದು.

ಆ ಭಾನುವಾರ ವೀಡಿಯೊ ಕಾಲ್. ಇವರು ಕಾಲನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತರು. ನಾನು ಮೊದಲೇ ಕಳಿಸಿದ್ದ ಒಂದೇ ಒಂದು ಫೋಟೋ, ಸಂಜೆಯ ಕೆರೆ, ಅಮ್ಮನಿಗೆ ತುಂಬ ಹಿಡಿಸಿಬಿಟ್ಟಿತ್ತು. ಬಂಧುಗಳಿಗೆಲ್ಲ ಕಳಿಸಿದ್ದಾಳೆ. "ಆ ರೆಸಾರ್ಟ್ ಹೆಸರು ಹೇಳೇ. ಚಿಕ್ಕಮ್ಮನ ಮಗ ಆಗಸ್ಟಲ್ಲಿ ಹೆಂಡತಿ ಕರ್ಕೊಂಡು ಹೋಗ್ತಾನಂತೆ."

ಏನು ಮಾಡಲಿ? ಆ ಮೋಟೆಲ್ಲಿನ ಹೆಸರನ್ನೇ ಕೊಟ್ಟೆ. ಕಸದ ಡಬ್ಬದ ಕಡೆ ಕಿಟಕಿ ಇರುವ ರೂಮ್ ತೊಗೋಬೇಡ ಅಂತ ಅವನಿಗೆ ಹೇಳಿದ್ದೇನೆ.