ಕಾಂಪೌಂಡಿಗೊಂದು ಬಳ್ಳಿ

ಮಗಳು ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಏಳೆಂಟು ಸಲ ಸೀನುತ್ತಾಳೆ. ಉಬ್ಬಸ ಜಾಸ್ತಿಯಾದ ದಿನ ಇನ್‌ಹೇಲರ್ ಬೇಕೇ ಬೇಕು. ಹಾಗಾಗಿ ಕಾಂಪೌಂಡಿಗೆ ಬಳ್ಳಿ ಹಬ್ಬಿಸುವ ಮಾತು ಬಂದಾಗ ನನಗೆ ಭಯವೇ ಆಯಿತು.

ಅತ್ತೆಗೆ ಮಲ್ಲಿಗೆ ಬೇಕು. "ದೇವರಿಗೆ ದಿನಾ ಮೊಳ ಕೊಳ್ಳೋದು ತಪ್ಪುತ್ತೆ ಕಣಮ್ಮಾ" ಅಂದರು. ಡಾಕ್ಟರನ್ನೇ ಕೇಳಿದೆ. ಜೇನು, ಚಿಟ್ಟೆ ಬರುವ ಹೂಗಳ ಪರಾಗ ಅಂಟಂಟು, ಗಾಳಿಗೆ ಅಷ್ಟಾಗಿ ಹಾರಲ್ಲ; ಹುಲ್ಲಿನ ಪರಾಗ, ಪಾರ್ಥೇನಿಯಂ, ಇವುಗಳ ಕಾಟವೇ ಹೆಚ್ಚು ಅಂದರು. ಆದರೆ ಗಾಢ ವಾಸನೆ ಕೆಲವರ ಉಸಿರಿಗೆ ಒಗ್ಗಲ್ಲ, ಮಲಗುವ ಕೋಣೆಯ ಕಿಟಕಿಯಿಂದ ದೂರ ಇರಲಿ ಅಂತಲೂ ಹೇಳಿದರು. ಮನೆಗೆ ಬಂದು ಪಕ್ಕದ ಖಾಲಿ ಸೈಟ್ ನೋಡಿದೆ. ಎದೆಮಟ್ಟ ಕಾಂಗ್ರೆಸ್ ಗಿಡ, ಅದೇ ಪಾರ್ಥೇನಿಯಂ! ಇಷ್ಟು ವರ್ಷ ಕಣ್ಣೆದುರೇ ಇತ್ತು, ನಾನು ಮಲ್ಲಿಗೆಗೆ ಹೆದರುತ್ತಿದ್ದೆ.

ಶನಿವಾರ ಲಾಲ್‌ಬಾಗಿನ ನರ್ಸರಿಗೆ ಹೋದೆವು. ಮೊದಲು ಕಣ್ಣಿಗೆ ಬಿದ್ದದ್ದು ಅಲಮಂಡ, ಅರಿಶಿನದಂಥ ಹಳದಿ. ಮುರಿದ ಎಲೆಯ ತೊಟ್ಟಿನಲ್ಲಿ ಬಿಳಿ ಹಾಲು ಜಿನುಗುತ್ತಿತ್ತು. ಅದು ಚರ್ಮಕ್ಕೆ ತಾಗಿದರೆ ಉರಿ, ತುರಿಕೆ ಬರಬಹುದು. ಬೇಡ ಅಂದೆ. ರಂಗೂನ್ ಬಳ್ಳಿ ಬಿಳಿ ಹೂವಾಗಿ ಅರಳಿ ಮರುದಿನ ಗುಲಾಬಿ, ಆಮೇಲೆ ಕೆಂಪು ಆಗುತ್ತೆ, ತುಂಬ ಆಸೆಯಾಯಿತು. ಆದರೆ ಸಂಜೆಯಾದರೆ ಘಮ ಜೋರು, ನಾವು ಹಬ್ಬಿಸುವ ಜಾಗವೋ ಮಗಳ ಕಿಟಕಿಯ ಕೆಳಗೇ.

ಕೊನೆಗೆ ಶಂಖಪುಷ್ಪ. ಅಲ್ಲಿನ ಮಾಲಿ ಒಂದು ನೀಲಿ ಹೂ ಕಿತ್ತು, ನಡುವೆ ಮಡಚಿಕೊಂಡಿದ್ದ ಪುಟ್ಟ ಎಸಳನ್ನು ಉಗುರಿನಿಂದ ಬಿಡಿಸಿದರು. ಕೇಸರವೆಲ್ಲ ಅದರೊಳಗೆ ಅಡಗಿತ್ತು. "ಪುಡಿ ಒಳಗೇ ಇರುತ್ತೆ ಮೇಡಂ, ಎಲ್ಲಿ ಹಾರೀತು?" ಅಂದರು. ವಾಸನೆಯೂ ಇಲ್ಲ. ನನ್ನ ಮನಸ್ಸು ಅಲ್ಲೇ ನಿಂತಿತು. ಎರಡು ಸಸಿ ತಂದೆವು. ಅಡುಗೆಮನೆ ಕಡೆಗೆ ಬಸಳೆ. ಅತ್ತೆಯ ಮಲ್ಲಿಗೆ ಕುಂಡಕ್ಕೆ ಟೆರೇಸಿನಲ್ಲಿ ಕಿಟಕಿಯಿಂದ ದೂರದ ಮೂಲೆ.

ಮರುದಿನ ಮಗಳನ್ನು ಒಳಗೆ ಕೂರಿಸಿ, ನಾನು ಮತ್ತು ಯಜಮಾನರು ಮಾಸ್ಕ್, ಗ್ಲೌಸ್ ಹಾಕಿಕೊಂಡು ಸೈಟಿನ ಕಾಂಗ್ರೆಸ್ ಗಿಡವನ್ನು ಬೇರುಸಮೇತ ಕಿತ್ತೆವು. ನಿಜ ಹೇಳಬೇಕಂದ್ರೆ, ಬಳ್ಳಿ ಆರಿಸಿದ್ದಕ್ಕಿಂತ ಆ ಕೆಲಸವೇ ದೊಡ್ಡದು. ಮಳೆ ಬಿದ್ದರೆ ಮತ್ತೆ ಬರುತ್ತೆ, ಹೂ ಬಿಡುವ ಮುಂಚೆ ಮತ್ತೆ ಕೀಳ್ತೇವೆ.

ಸೀನು ಪೂರ್ತಿ ನಿಂತಿಲ್ಲ, ಬೆಂಗಳೂರಿನ ಧೂಳೂ ಇದೆಯಲ್ವಾ. ಆದರೂ ಈಗ ಶಂಖಪುಷ್ಪ ಕಿತ್ತು ಅಜ್ಜಿಯ ಪೂಜೆಗೆ ಕೊಡೋದು ಅವಳ ಕೆಲಸ. ಹೋದ ವಾರ ಮಲ್ಲಿಗೆಯೂ ಅರಳಿತು. ಅತ್ತೆ ಖುಷಿಯಿಂದ ಮುಡಿದರು. ರಾತ್ರಿ ಮೊಮ್ಮಗಳ ಪಕ್ಕ ಮಲಗುವ ಮುಂಚೆ ಮಾತ್ರ ಹೂ ತೆಗೆದು ಹೊರಗಿನ ಕಟ್ಟೆ ಮೇಲೆ ಇಟ್ಟು ಬಂದರು.