ಸರ್ವರ್ ಮಲಗಿದ್ರೆ ಮೊದ್ಲು ಗೋಡೆ ಕಡೆ ನೋಡಿ

ಮನೇಲಿ ಒಂದು ಸರ್ವರ್, ಅಂದ್ರೆ ಮನೆಯವ್ರ ಫೋಟೋ, ಸಿನಿಮಾ ಎಲ್ಲಾ ಇಟ್ಟು ಯಾವಾಗ್ಲೂ ಆನ್ ಇರೋ ಕಂಪ್ಯೂಟರ್, ಹಾಕ್ಬೇಕು ಅಂತ ಯಾರಾದ್ರೂ ಮೆಸೇಜ್ ಮಾಡಿದ್ರೆ ಮೊದಲ್ನೇ ಪ್ರಶ್ನೆ ಯಾವಾಗ್ಲೂ ಪ್ರೊಸೆಸರ್ ಯಾವ್ದು ತಗೊಳ್ಲಿ, ರ‍್ಯಾಮ್ ಎಷ್ಟು ಹಾಕ್ಲಿ ಅಂತಾನೇ. ನಾನು ವಾಪಸ್ ಕೇಳೋದು ನಿಮ್ಮನೇಲಿ ಅರ್ಥಿಂಗ್ ಸರಿ ಇದ್ಯಾ, ಇನ್ವರ್ಟರ್ ಯಾವ ಮೋಡ್‌ನಲ್ಲಿ ಇಟ್ಟಿದೀರಾ ಅಂತ. ಅಲ್ಲಿಗೆ ಎದುರಿನವ್ರ ಉತ್ಸಾಹ ಅರ್ಧ ಇಳಿದಿರತ್ತೆ, ಇವ್ನ ಹತ್ರ ಕೇಳಿದ್ದೇ ತಪ್ಪಾಯ್ತು ಅನ್ಸುತ್ತೋ ಏನೋ. ಆದ್ರೆ ಇಷ್ಟು ವರ್ಷದಲ್ಲಿ ನಾನು ಬಿಚ್ಚಿ ನೋಡಿರೋ ಮನೆ ಸರ್ವರ್‌ಗಳಲ್ಲಿ ಪ್ರೊಸೆಸರ್ ಕೆಟ್ಟಿದ್ದು ಒಂದೂ ಇಲ್ಲ. ಕೈ ಕೊಡೋದು ಕರೆಂಟು, ಕೇಬಲ್ಲು, ಎಕ್ಸ್‌ಟೆನ್ಷನ್ ಬಾಕ್ಸು, ಇಲ್ಲಾ ಐವತ್ತು ರೂಪಾಯಿಯೂ ಆಗದ ಒಂದು ಸೆಲ್ಲು. ನಮ್ ಕಡೆ ಅಂತೂ ಗೋಡೆ ಪ್ಲಗ್ಗಿಂದ ಶುರು ಮಾಡಿ ಒಳಗೆ ಹೋಗ್ತಾ ಹುಡುಕೋದೇ ಸರಿಯಾದ ದಾರಿ, ವಿಂಡೋಸ್ ಮತ್ತೆ ಹಾಕೋದು, ಲಿನಕ್ಸ್ ಬದಲಾಯ್ಸೋದು ಎಲ್ಲಾ ಆಮೇಲೆ.

ಸಾಗರದ ಹತ್ರ ಇರೋ ನಮ್ಮ ಭಾವನ ಮನೆ ಮಷೀನ್ ಇದಕ್ಕೆ ಒಳ್ಳೇ ಉದಾಹರಣೆ, ಯಾಕಂದ್ರೆ ಅಲ್ಲಿ ಇರಬಹುದಾದ ತೊಂದ್ರೆ ಎಲ್ಲಾ ಒಂದೇ ಡಬ್ಬದಲ್ಲಿ ಇತ್ತು.

ಮಷೀನ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗತ್ತಲ್ಲ, ಕಂಪ್ನಿಗಳು ಲೀಸ್ ಮುಗಿದ್ಮೇಲೆ ಸಾಗಹಾಕೋ ಆಫೀಸ್ ಡೆಸ್ಕ್‌ಟಾಪ್‌ಗಳು, ಅದ್ರಲ್ಲಿ ಒಂದು, ಇಂಟೆಲ್ ಐ5-8500 ಇರೋದು. 2018ರ ಪ್ರೊಸೆಸರ್, ಆರು ಕೋರ್, ಮನೆ ಫೋಟೋ ಇಡೋಕೆ, ನಾಲ್ಕು ಸಿನಿಮಾ ನೋಡೋಕೆ ಇದು ಧಾರಾಳ. ಹೊಸದೇ ಬೇಕು ಅಂದ್ರೆ ಇಂಟೆಲ್ ಎನ್100 ಪ್ರೊಸೆಸರ್ ಹಾಕಿರೋ ಪುಟ್ಟ ಡಬ್ಬಗಳು ಬರತ್ತೆ, ಕರೆಂಟ್ ಇನ್ನೂ ಕಮ್ಮಿ ಕುಡಿಯತ್ತೆ, ಆದ್ರೆ 3.5 ಇಂಚಿನ ಡಿಸ್ಕ್ ಇಡೋಕೆ ಅದ್ರಲ್ಲಿ ಜಾಗ ಇರಲ್ಲ. ನಮ್ಗೆ ಎರಡು ಡಿಸ್ಕ್ ಬೇಕಿತ್ತು, ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮಲ್ಲಿ ಮಿರರ್ ಮಾಡೋಕೆ, ಅಂದ್ರೆ ಒಂದೇ ಡೇಟಾ ಎರಡೂ ಡಿಸ್ಕಲ್ಲಿ ಇರೋ ಹಾಗೆ. ಡಿಸ್ಕ್ ತಗೊಳೋವಾಗ ಸಿಎಂಆರ್ (ಟ್ರ್ಯಾಕ್‌ಗಳು ಬಿಡಿ ಬಿಡಿಯಾಗಿ ಇರೋದು) ಹೌದೋ ಅಲ್ವೋ ನೋಡ್ಕೊಳಿ, ಎಸ್‌ಎಂಆರ್ ಡಿಸ್ಕಲ್ಲಿ ಟ್ರ್ಯಾಕ್‌ಗಳು ಒಂದ್ರ ಮೇಲೊಂದು ಹೊದ್ದಿರತ್ತೆ, ಒಂದು ಕಡೆ ಬರೀಬೇಕಂದ್ರೆ ಪಕ್ಕದ್ದನ್ನೂ ತಿರುಗಿ ಬರೀಬೇಕು, ಮಿರರ್ ರೀಬಿಲ್ಡ್ ಮಾಡೋ ಟೈಮಲ್ಲಿ ಪ್ರಾಣ ತಿನ್ನತ್ತೆ. 2020ರಲ್ಲಿ ನ್ಯಾಸ್‌ಗೆ (ನೆಟ್‌ವರ್ಕಲ್ಲಿ ಫೈಲ್ ಇಡೋ ಡಬ್ಬಕ್ಕೆ) ಅಂತಾನೇ ಮಾರ್ತಿದ್ದ ಡಬ್ಲ್ಯೂಡಿ ರೆಡ್ ಡಿಸ್ಕ್‌ಗಳಲ್ಲೇ ಇದು ಇದೆ ಅಂತ ಹೊರಗೆ ಬಂದು ದೊಡ್ಡ ಗಲಾಟೆ ಆಗಿತ್ತು, ಅದಾದ್ಮೇಲೆ ಡೇಟಾಶೀಟ್ ನೋಡ್ದೆ ಡಿಸ್ಕ್ ತಗೊಳೋದು ಬಿಟ್ಟೆ. ಮೇಲೆ ಇಮ್ಮಿಚ್ ಹಾಕಿದೀವಿ ಫೋಟೋಗೆ, ಗೂಗಲ್ ಫೋಟೋಸ್ ಥರಾನೇ, ಆದ್ರೆ ನಮ್ಮ ಸರ್ವರ್ರಲ್ಲೇ ಓಡೋ ಸಾಫ್ಟ್‌ವೇರ್. ಗೂಗಲ್ ಫೋಟೋಸ್‌ನಲ್ಲಿ 2021ರ ಜೂನ್ 1ಕ್ಕೆ ಫ್ರೀ ಅನ್‌ಲಿಮಿಟೆಡ್ ಮುಗೀತಲ್ಲ, ಭಾವಂಗೆ ಸರ್ವರ್ ಹುಚ್ಚು ಹತ್ತಿದ್ದೇ ಅಲ್ಲಿಂದ.

ಸುಮ್ನೆ ಕೂತಾಗ ಎಲ್ಲಾ ಸೇರಿ 20 ವಾಟ್ ಸುಮಾರು. ಅಂದ್ರೆ ತಿಂಗ್ಳಿಗೆ 14 ಯೂನಿಟ್ ಚಿಲ್ಲರೆ. ಇದು ಏನೂ ಅಲ್ಲ ಅನ್ಸತ್ತೆ, ಆದ್ರೆ ಗೃಹಜ್ಯೋತಿ ಲೆಕ್ಕ ಗೊತ್ತಲ್ಲ, 200 ಯೂನಿಟ್ ಒಳಗೆ ಇರೋವ್ರಿಗೆ ಸಾಮಾನ್ಯವಾಗಿ ಹಿಂದಿನ ಸರಾಸರಿ, ಅದ್ರ ಮೇಲೆ ಇನ್ನೊಂದು ಹತ್ತು ಪರ್ಸೆಂಟ್, ಅಷ್ಟೇ ಫ್ರೀ. ನೂರು ಯೂನಿಟ್ ಸರಾಸರಿ ಇರೋ ಮನೆಗೆ ಹತ್ತು ಯೂನಿಟ್ ಜಾಸ್ತಿ ಸಿಗತ್ತೆ, ಸರ್ವರ್ ಒಂದೇ ಅದನ್ನ ತಿಂದು ಮುಗ್ಸತ್ತೆ. ಹಾಕೋ ಮೊದ್ಲು ಮನೇಲಿ ಬಿಲ್ ಕಟ್ಟೋವ್ರ ಹತ್ರ ಮಾತಾಡಿ.

ಸರಿ, ತೊಂದ್ರೆಗೆ ಬರೋಣ. ಮಳೆಗಾಲ ಶುರು ಆಗಿದ್ದೇ ತಡ ಭಾವನ ಫೋನು, "ಎಂತ ಮಾರಾಯ ಇದು, ಕರೆಂಟ್ ಹೋದಾಗೆಲ್ಲ ರೀಸ್ಟಾರ್ಟ್ ಆಗ್ತದೆ, ಇನ್ವರ್ಟರ್ ಇದ್ಯಲ, ಇದಕ್ಕೆ ಕರೆಂಟ್ ಹೋಗಿದ್ದೇ ಗೊತ್ತಾಗ್ಬಾರ್ದಲ". ಫ್ಯಾನ್ ನಿಲ್ಲಲ್ಲ, ಟ್ಯೂಬ್‌ಲೈಟ್ ಒಂಚೂರು ಮಿಟುಕಿ ಹಾಗೇ ಉರಿಯತ್ತೆ, ಸರ್ವರ್ ಮಾತ್ರ ಬೀಳತ್ತೆ. ಅದೂ ಪ್ರತೀ ಸಲ ಅಲ್ಲ, ಕೆಲವು ಸಲ ತಡ್ಕೊಳತ್ತೆ. ಹೀಗೆ ಒಂದ್ಸಲ ಆಗಿ ಒಂದ್ಸಲ ಆಗ್ದೆ ಇರೋ ತೊಂದ್ರೆ ಇದ್ರೆ ನಂಗೆ ಮೊದ್ಲು ಅನುಮಾನ ಬರೋದು ಟೈಮಿಂಗ್ ಮೇಲೆ. ಕಂಪ್ಯೂಟರ್ ಎಸ್‌ಎಂಪಿಎಸ್ (ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸೋ ಪವರ್ ಸಪ್ಲೈ) ಒಳಗೆ ಒಂದು ದಪ್ಪ ಕೆಪಾಸಿಟರ್ ಇರತ್ತೆ, ಗೋಡೆಯಿಂದ ಕರೆಂಟ್ ನಿಂತ್ರೂ ಅದ್ರಲ್ಲಿ ತುಂಬಿರೋದ್ರಿಂದ ಸ್ವಲ್ಪ ಹೊತ್ತು ನಡ್ಸತ್ತೆ, ಫುಲ್ ಲೋಡ್ ಇದ್ದಾಗ ಆ ಸ್ವಲ್ಪ ಹೊತ್ತು ಅಂದ್ರೆ 16 ಮಿಲಿಸೆಕೆಂಡ್ ಸುಮಾರು, ಅಂದ್ರೆ ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಪೂರ್ತಿ ಸೈಕಲ್ಲೂ ಇಲ್ಲ. ಲೋಡ್ ಕಮ್ಮಿ ಇದ್ರೆ ಜಾಸ್ತಿ ತಡ್ಕೊಳತ್ತೆ, ಹಾಗಾಗೇ ಸರ್ವರ್ ಸುಮ್ನೆ ಕೂತಿದ್ದಾಗ ಬಚಾವ್, ಫೋಟೋ ಸ್ಕ್ಯಾನ್ ಮಾಡ್ತಿದ್ದಾಗ ಢಮಾರ್. ಹಳೇ ಕೆಪಾಸಿಟರ್ ಆದ್ರೆ ಅದೂ ಇಲ್ಲ.

ಇನ್ನು ಇನ್ವರ್ಟರ್ ಬ್ಯಾಟರಿಗೆ ತಿರುಗೋಕೆ ಎಷ್ಟು ಹೊತ್ತು ತಗೊಳತ್ತೆ ಅನ್ನೋದು ಅದ್ರ ಹಿಂದೆ ಇರೋ ಒಂದು ಸಣ್ಣ ಸ್ವಿಚ್ಚಿನ ಮೇಲೆ ನಿಂತಿದೆ. ಭಾವನ ಇನ್ವರ್ಟರ್ ಮೆಟ್ಟಿಲ ಕೆಳಗೆ, ಅಡಿಕೆ ಚೀಲದ ಹಿಂದೆ ಇತ್ತು. ಎಳ್ದು ಟಾರ್ಚ್ ಹಾಕಿ ನೋಡಿದ್ರೆ ಹಿಂಭಾಗ ಪೂರ್ತಿ ಜೇಡರ ಬಲೆ, ಫ್ಯಾನ್ ಜಾಲರಿ ಹತ್ರ ಎರಡು ಹಲ್ಲಿ ಮೊಟ್ಟೆ, ಅದ್ರ ಪಕ್ಕ ಕರಿ ಸ್ವಿಚ್ಚು, ಒಂದು ಕಡೆ ಯುಪಿಎಸ್ ಇನ್ನೊಂದು ಕಡೆ ನಾರ್ಮಲ್ ಅಂತ ಬರ್ದಿದ್ದು. ಅದು ನಾರ್ಮಲ್‌ನಲ್ಲಿತ್ತು, ತಂದ ದಿನದಿಂದ ಯಾರೂ ಮುಟ್ಟಿಲ್ಲ. ಯುಪಿಎಸ್ ಮೋಡಿಗೆ ಹಾಕಿದ್ರೆ ಸಾಮಾನ್ಯವಾಗಿ ಹತ್ತು ಮಿಲಿಸೆಕೆಂಡ್ ಆಸುಪಾಸಲ್ಲಿ ತಿರುಗತ್ತೆ, ನಾರ್ಮಲ್‌ನಲ್ಲಿ ಅದಕ್ಕಿಂತ ಎಷ್ಟೋ ನಿಧಾನ, ಫ್ಯಾನಿಗೆ ಅದು ಲೆಕ್ಕಕ್ಕೇ ಇಲ್ಲ.

ಹಾಗಂತ ಸ್ವಿಚ್ ಒತ್ತಿ ಎದ್ದು ಬರೋ ಹಾಗಿಲ್ಲ. ಯುಪಿಎಸ್ ಮೋಡಲ್ಲಿ ಇನ್ವರ್ಟರ್ ವೋಲ್ಟೇಜ್ ಬಗ್ಗೆ ಬಹಳ ಮಡಿ ಮಾಡತ್ತೆ, 180ಕ್ಕಿಂತ ಕೆಳಗೆ ಇಳಿದ್ರೆ ಸಾಕು ಬ್ಯಾಟರಿಗೆ ಹೋಗ್ಬಿಡತ್ತೆ. ಹಳ್ಳಿ ಲೈನಲ್ಲಿ ಪಂಪ್‌ಸೆಟ್ ಶುರು ಆದ್ರೆ ವೋಲ್ಟೇಜ್ ಎಲ್ಲಿಗೆ ಇಳಿಯತ್ತೆ ಅಂತ ಹಳ್ಳೀಲಿ ಇದ್ದೋರಿಗೆ ಹೇಳೋದು ಬೇಡ. ಕರೆಂಟ್ ಇದ್ದೂ ಬ್ಯಾಟರಿ ಖಾಲಿ ಆಗ್ತಾ ಕೂರತ್ತೆ, ಆಮೇಲೆ ನಿಜ್ವಾಗ್ಲೂ ಕರೆಂಟ್ ಹೋದಾಗ ಮನೆಯೆಲ್ಲಾ ಕತ್ಲೆ, ಅಕ್ಕನ ಹತ್ರ ಬೈಸ್ಕೊಳೋದು ನಾನು. ಹಾಗಾಗಿ ಇನ್ವರ್ಟರ್ ನಾರ್ಮಲ್‌ನಲ್ಲೇ ಬಿಟ್ಟು ಸರ್ವರ್ರಿಗೆ, ರೌಟರ್ರಿಗೆ ಸೇರಿ ಒಂದು 600 ವಿಎ ಯುಪಿಎಸ್ ಇಟ್ವಿ, ಯುಎಸ್‌ಬಿ ಪೋರ್ಟ್ ಇರೋದು. ಭಾವಂದು ಸೈನ್‌ವೇವ್ ಇನ್ವರ್ಟರ್ ಆಗಿದ್ದಕ್ಕೆ ಇದು ನಡೀತು, ಹಳೇ ಸ್ಕ್ವೇರ್‌ವೇವ್ ಇನ್ವರ್ಟರ್ ಹಿಂದೆ ಯುಪಿಎಸ್ ಹಾಕಿದ್ರೆ ಅದು ಬಂದ ಕರೆಂಟನ್ನ ಕರೆಂಟು ಅಂತ ಒಪ್ಪದೆ ಬೀಪ್ ಹೊಡೀತಾನೇ ಇರಬಹುದು. ಸರ್ವರ್ರಲ್ಲಿ ನಟ್ ಅಂತ ಒಂದು ಸಾಫ್ಟ್‌ವೇರ್ ಇದೆ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಯುಎಸ್‌ಬಿಲಿ ಯುಪಿಎಸ್ ಜೊತೆ ಮಾತಾಡಿ ಬ್ಯಾಟರಿ ಕಮ್ಮಿ ಆದಾಗ ನೀಟಾಗಿ ಶಟ್‌ಡೌನ್ ಮಾಡ್ಸತ್ತೆ.

ಇಷ್ಟಾಯ್ತು ಅನ್ನೋಷ್ಟರಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಎಲ್ಲಾ ಖಾಲಿ ಆಗಿ ಶಟ್‌ಡೌನ್ ಆಗಿದೆ, ಸರಿ, ಆದ್ರೆ ಕರೆಂಟ್ ಬಂದ್ಮೇಲೆ ಮಷೀನ್ ತಾನಾಗಿ ಏಳ್ಬೇಕಿತ್ತು, ಎದ್ದಿಲ್ಲ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್) ಕರೆಂಟ್ ಬಂದ್ರೆ ಆನ್ ಆಗು ಅಂತ ನಾನೇ ಸೆಟ್ ಮಾಡಿ ಬಂದಿದ್ದೆ. ಭಾವ ಬಟನ್ ಒತ್ತಿದ್ರೆ ಆನ್ ಆಯ್ತು, ಆದ್ರೆ ಸರ್ವರ್ರಿಂದ ಹೊರಗಿನ ಯಾವ ಸೈಟಿಗೆ ಹೋದ್ರೂ ಸರ್ಟಿಫಿಕೇಟ್ ಎರರ್. ನೋಡಿದ್ರೆ ಮಷೀನಲ್ಲಿ ತಾರೀಖು ಎಷ್ಟೋ ವರ್ಷ ಹಿಂದೆ. ಇಷ್ಟು ಕೇಳಿದ್ರೆ ಸಾಕು, ಫೋನಲ್ಲೇ ಹೇಳ್ಬಹುದು, ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ ಅಂತ. ಮಜಾ ಏನಂದ್ರೆ ಪ್ಲಗ್ ಹಾಕಿರೋವರೆಗೂ ಸ್ಟ್ಯಾಂಡ್‌ಬೈ ಕರೆಂಟೇ ಗಡಿಯಾರ ನಡ್ಸತ್ತೆ, ಸೆಲ್ ಸತ್ತಿದ್ರೂ ಗೊತ್ತಾಗಲ್ಲ. ಪೂರ್ತಿ ಕರೆಂಟ್ ನಿಂತ್ರೆ ಮಾತ್ರ ತಾರೀಖೂ ಹೋಗತ್ತೆ, ಬಯಾಸ್ ಸೆಟ್ಟಿಂಗೂ ಹೋಗತ್ತೆ, ಅಂದ್ರೆ ಕರೆಂಟ್ ಬಂದ್ರೆ ಏಳು ಅನ್ನೋ ಸೆಟ್ಟಿಂಗು ಬೇಕಾಗಿರೋ ಹೊತ್ತಿಗೇ ಸರಿಯಾಗಿ ಮರ್ತುಹೋಗತ್ತೆ! ಮೂರು ವೋಲ್ಟಿನ ಸೆಲ್ಲು, ಮಲ್ಟಿಮೀಟರ್ ಇಟ್ರೆ ಎರಡೂವರೆನೂ ಇರ್ಲಿಲ್ಲ. ಸೆಕೆಂಡ್‌ಹ್ಯಾಂಡ್ ಮಷೀನ್ ತಂದ್ರೆ ಬೇರೇನೂ ಮಾಡ್ದೆ ಇದ್ರೂ ಈ ಸೆಲ್ ಬದಲಾಯ್ಸಿ, ಮೂಲೆ ವಾಚ್ ರಿಪೇರಿ ಅಂಗಡೀಲೂ ಸಿಗತ್ತೆ.

ಡಿಸ್ಕ್ ಕಥೆ ಬೇರೆ. ಝಡ್‌ಎಫ್‌ಎಸ್ ಒಂದು ಡಿಸ್ಕಿಗೆ ಎರರ್ ತೋರಿಸ್ತಿತ್ತು, ಭಾವ ಆಗ್ಲೇ ಹೊಸ ಡಿಸ್ಕ್ ರೇಟ್ ಹುಡುಕೋಕೆ ಶುರು ಮಾಡಿದ್ರು. ತಡೀರಿ ಅಂದೆ. ಸ್ಮಾರ್ಟ್ ರಿಪೋರ್ಟಲ್ಲಿ, ಅಂದ್ರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಲೆಕ್ಕದಲ್ಲಿ, ನಾನು ನೋಡೋದು ನಾಲ್ಕೇ ನಂಬರ್, 5, 197, 198, 199. ಮೊದಲ ಮೂರು ಏರ್ತಿದ್ರೆ ಡಿಸ್ಕಿನ ಸೆಕ್ಟರ್‌ಗಳೇ ಹೋಗ್ತಿದೆ ಅಂತ, ಆಗ ಯೋಚ್ನೆ ಮಾಡ್ದೆ ಡೇಟಾ ಎತ್ತಿ ಪಕ್ಕಕ್ಕಿಡಿ. ಅದು ಸೊನ್ನೆ ಇದ್ದು 199 ಮಾತ್ರ ಏರ್ತಿದ್ರೆ ಡಿಸ್ಕಿಂದ ಬೋರ್ಡಿಗೆ ಬರೋ ದಾರೀಲಿ ಡೇಟಾ ಕೆಡ್ತಿದೆ, ಅಂದ್ರೆ ಬಹುತೇಕ ಸಾಟಾ ಕೇಬಲ್ಲು. ಲಿನಕ್ಸಿನ ಕರ್ನಲ್ ಲಾಗ್ ನೋಡಿದ್ರೂ ಅದೇ ಕಥೆ, ಲಿಂಕ್ ರೀಸೆಟ್ ಆಗ್ತಾ ಸ್ಪೀಡ್ 6 ಗಿಗಾಬಿಟ್ಟಿಂದ 3ಕ್ಕೆ, ಆಮೇಲೆ 1.5ಕ್ಕೆ ಇಳಿದಿತ್ತು. ಖಾತ್ರಿ ಮಾಡ್ಕೊಳೋಕೆ ಎರಡೂ ಡಿಸ್ಕಿನ ಕೇಬಲ್ ಅದಲು ಬದಲು ಮಾಡಿ, ಎರರ್ ಡಿಸ್ಕ್ ಜೊತೆ ಉಳಿಯತ್ತೋ ಕೇಬಲ್ ಜೊತೆ ಹೋಗತ್ತೋ ನೋಡಿ. ಇಲ್ಲಿ ಕೇಬಲ್ ಜೊತೆ ಹೋಯ್ತು, ಸೈಡ್ ಪ್ಯಾನೆಲ್ಲಿಗೆ ಒತ್ತಿ ಕನೆಕ್ಟರ್ ಹತ್ರಾನೇ ಮಡಚಿತ್ತು. ಕೇಬಲ್ ಬದಲಾಯ್ಸಿದ್ಮೇಲೂ 199ರ ಲೆಕ್ಕ ಕೆಳಗಿಳಿಯಲ್ಲ, ಅದು ಜನ್ಮಕ್ಕಂಟಿದ್ದು, ಮತ್ತೆ ಏರಲ್ಲ ಅನ್ನೋದು ಮುಖ್ಯ.

ಕೇಬಲ್ ಅಂದಾಗ ಇನ್ನೊಂದು, ಎರಡನೇ ಡಿಸ್ಕಿಗೆ ಪವರ್ ಕನೆಕ್ಟರ್ ಸಾಲದೆ ಮೋಲೆಕ್ಸಿಂದ (ಹಳೇ ನಾಲ್ಕು ಪಿನ್ನಿನ ಪವರ್ ಕನೆಕ್ಟರ್) ಸಾಟಾಗೆ ಕನ್ವರ್ಟರ್ ಹಾಕ್ತೀವಲ್ಲ, ಅದ್ರಲ್ಲಿ ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿರೋದನ್ನ ದಯವಿಟ್ಟು ಬಿಸಾಕಿ, ಒಳಗೆ ತಂತಿ ಒಂದಕ್ಕೊಂದು ತಾಗಿ ಬೆಂಕಿ ಹತ್ತಿರೋದು ಎಷ್ಟೋ ಇದೆ. ತಂತಿ ಬಿಡಿ ಬಿಡಿಯಾಗಿ ಕ್ರಿಂಪ್ ಮಾಡಿರೋದು ತಗೊಳಿ. ದೊಡ್ಡ ಡಿಸ್ಕ್ ತಿರುಗೋಕೆ ಶುರು ಮಾಡೋವಾಗ 12 ವೋಲ್ಟಲ್ಲಿ ಎರಡು ಆಂಪ್ ಹತ್ರ ಎಳಿಯತ್ತೆ. ಆ ಕ್ಷಣದಲ್ಲಿ ಮೋಲೆಕ್ಸಿನ ಹಳದಿ ಮತ್ತೆ ಕರಿ ತಂತಿಗೆ ಮೀಟರ್ ಇಟ್ಟು ನೋಡಿ, 11.4ಕ್ಕಿಂತ ಕೆಳಗೆ ಹೋದ್ರೆ ಎಸ್‌ಎಂಪಿಎಸ್ ಸುಸ್ತಾಗಿದೆ ಅಂತ.

ರ‍್ಯಾಮ್ ಅನುಮಾನ ಇದ್ರೆ ರಾತ್ರಿ ಮೆಮ್‌ಟೆಸ್ಟ್ ಹಾಕಿ ಮಲಗಿ, ಒಂದೇ ಒಂದು ಎರರ್ ಬಂದ್ರೂ ಆ ಕಡ್ಡಿ ಬೇಡ. ಕಡ್ಡಿಯ ಚಿನ್ನದ ಬಣ್ಣದ ಪಿನ್ನುಗಳನ್ನ ರಬ್ಬರಿಂದ ಉಜ್ಜೋದು ನಮ್ಮ ಅಂಗಡಿಯವ್ರೆಲ್ಲ ಮಾಡ್ತಾರೆ, ಕೆಲಸಾನೂ ಮಾಡತ್ತೆ, ನಾನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸ್ತೀನಿ ಅಷ್ಟೇ.

ಕೊನೇದು ಅಕ್ಕನ ದೂರು. "ಆ ಡಬ್ಬ ಮುಟ್ಟಿದ್ರೆ ಜುಮ್ ಅಂತದೆ ಕಣೋ" ಅಂತ. ಭಾವಂಗೆ ಆಗಲ್ಲ, ಅವ್ರು ಚಪ್ಪಲಿ ಹಾಕಿರ್ತಾರೆ, ಅಕ್ಕ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲು, ಒರೆಸಿದ ನೆಲ ಬೇರೆ. ಎಸ್‌ಎಂಪಿಎಸ್ ಒಳಗೆ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್ ಮತ್ತೆ ನ್ಯೂಟ್ರಲ್ಲಿಂದ ಡಬ್ಬದ ಮೈಗೆ ಕಟ್ಟಿರ್ತಾರೆ, ಅರ್ಥ್ ಇದ್ರೆ ಆ ಸಣ್ಣ ಕರೆಂಟ್ ಅಲ್ಲಿಗೆ ಹೋಗತ್ತೆ, ಇಲ್ಲಾಂದ್ರೆ ಡಬ್ಬದ ಮೈ 230ರ ಅರ್ಧದಲ್ಲಿ ತೇಲ್ತಾ ಇರತ್ತೆ. ಗೋಡೆ ಪಾಯಿಂಟಲ್ಲಿ ಫೇಸ್ ಮತ್ತೆ ಅರ್ಥ್ ನಡುವೆ ಅಳೆದ್ರೆ 230 ಸರಿಯಾಗೇ ಇತ್ತು, ನ್ಯೂಟ್ರಲ್ ಅರ್ಥ್ ನಡುವೆ ಎರಡು ಮೂರು ವೋಲ್ಟು. ಅಂದ್ರೆ ಗೋಡೆಗೆ ಪಾಸ್. ಎಕ್ಸ್‌ಟೆನ್ಷನ್ ಬಾಕ್ಸ್ ಸ್ಕ್ರೂ ಬಿಚ್ಚಿದ್ರೆ ಒಳಗೆ ಎರಡೇ ತಂತಿ! ಪ್ಲಗ್ಗಿಗೆ ಮೂರು ಪಿನ್ನು, ಸಾಕೆಟ್ಟಿಗೆ ಮೂರು ತೂತು, ಮೇಲಿನ ದಪ್ಪ ಪಿನ್ ಬರೀ ಅಲಂಕಾರಕ್ಕೆ. ಮೇಲ್ಗಡೆ ಸರ್ಜ್ ಪ್ರೊಟೆಕ್ಟರ್ ಅಂತ ಕೆಂಪು ಸ್ಟಿಕ್ಕರ್ ಬೇರೆ. ಮೂರು ಕೋರಿನ ವೈರ್ ಹಾಕ್ಸಿದ್ವಿ, ಜುಮ್ ನಿಂತು ಹೋಯ್ತು. ನಿಮ್ಮನೇಲಿ ಗೋಡೆ ಪಾಯಿಂಟಲ್ಲೇ ಅರ್ಥ್ ಬರ್ತಿಲ್ಲ ಅಂದ್ರೆ ನೀವು ಕೈ ಹಾಕ್ಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿ ತೋರ್ಸಿ, ಬೇಸಿಗೇಲಿ ಒಣಗಿರತ್ತೆ, ನೀರು ಹಾಕಿದ್ರೇ ಎಷ್ಟೋ ಸಲ ಸರಿ ಹೋಗತ್ತೆ.

ಈಗ ಉಳಿದಿರೋದು ಗುಡುಗು. ಅಡಿಕೆ ಒಣಗಿಸೋ ಅಂಗಳದ ಕ್ಯಾಮೆರಾಗೆ ಮನೆಯಿಂದ ತಾಮ್ರದ ಕ್ಯಾಟ್6 ಹೊರಗಡೇನೇ ಹೋಗಿದೆ, ಹತ್ರ ಎಲ್ಲಾದ್ರೂ ಸಿಡಿಲು ಬಿದ್ರೆ ಆ ತಂತಿ ಹಿಡ್ಕೊಂಡು ಸೀದಾ ನೆಟ್‌ವರ್ಕ್ ಸ್ವಿಚ್ಚಿಗೆ, ಅಲ್ಲಿಂದ ಸರ್ವರ್ರಿಗೆ ಬರತ್ತೆ, ಯುಪಿಎಸ್ ಎಷ್ಟು ಒಳ್ಳೇದಿದ್ರೂ ಆ ದಾರಿ ಅದಕ್ಕೆ ಗೊತ್ತೇ ಇರಲ್ಲ. ಎರಡು ಕಡೆ ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲ್ಲನ್ನ ಬೆಳಕಾಗಿ ಬದಲಾಯ್ಸೋ ಡಬ್ಬ) ಹಾಕಿ ಮಧ್ಯೆ ಫೈಬರ್ ಎಳೆಯೋಣ ಅಂತಿದೀನಿ, ಗಾಜಲ್ಲಿ ಕರೆಂಟ್ ಹರಿಯಲ್ಲ. ಕ್ಯಾಮೆರಾಗೆ ಪವರ್ ಮಾತ್ರ ಆಗ ಅಂಗಳದ ಕಡೆಯಿಂದಾನೇ ಕೊಡ್ಬೇಕು, ಅದಕ್ಕೆ ಪಂಪ್ ಶೆಡ್ಡಿಂದ ಲೈನ್ ತರೋಣ್ವಾ ಇಲ್ಲ ಸಣ್ಣ ಸೋಲಾರ್ ಹಾಕೋಣ್ವಾ ಅಂತ ಭಾವನ ಜೊತೆ ಇನ್ನೂ ಚೌಕಾಸಿ ನಡೀತಿದೆ. ಮಲೆನಾಡು ಕಡೆ ಯಾರಾದ್ರೂ ಮಳೆಗಾಲದಲ್ಲೂ ಕ್ಯಾಮೆರಾನ ಸೋಲಾರ್ ಮೇಲೆ ನಡೆಸ್ತಿದ್ರೆ ಎಷ್ಟು ವಾಟಿನ ಪ್ಯಾನೆಲ್ಲು, ಎಷ್ಟು ದೊಡ್ಡ ಬ್ಯಾಟರಿ ಅಂತ ಹೇಳಿ.