ಕ್ಲೈಂಟ್ ಇಲ್ಲದವರು ಪೋರ್ಟ್‌ಫೋಲಿಯೊದಲ್ಲಿ ಏನು ಇಡಬೇಕು?

ಗ್ರಾಫಿಕ್ ಡಿಸೈನ್ ಓದುತ್ತಿರುವವರಿಂದ ನನಗೆ ಬರುವ ಪ್ರಶ್ನೆಗಳ ಮಾತು ಬೇರೆಬೇರೆಯಾಗಿದ್ದರೂ ಒಳಗಿರುವ ಅಳುಕು ಒಂದೇ. “ನನ್ನ ಬಳಿ ಇರುವುದೆಲ್ಲ ತರಗತಿಯ ಅಸೈನ್‌ಮೆಂಟ್‌ಗಳು. ಹಣ ಕೊಟ್ಟು ಕೆಲಸ ಮಾಡಿಸಿಕೊಂಡ ಒಬ್ಬ ಕ್ಲೈಂಟ್ ಕೂಡ ಇಲ್ಲ. ಪೋರ್ಟ್‌ಫೋಲಿಯೊದಲ್ಲಿ ಏನು ಇಡಲಿ, ಎಷ್ಟು ಇಡಲಿ?” ಕೆಲಸದ ಮಾದರಿಗಳ ಈ ಸಂಗ್ರಹವನ್ನು ಜೊತೆಗಿಟ್ಟು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವ ದಿನಗಳು ಹತ್ತಿರವಾದಂತೆ ಈ ಪ್ರಶ್ನೆ ವಾರಕ್ಕೆರಡು ಬಾರಿಯಾದರೂ ಬರುತ್ತದೆ. ಒಬ್ಬೊಬ್ಬರಿಗೂ ಅವಸರದಲ್ಲಿ ನಾಲ್ಕು ಸಾಲು ಬರೆದು ಕಳುಹಿಸುವ ಬದಲು, ನಾನು ನಿಜವಾಗಿ ಏನು ಯೋಚಿಸುತ್ತೇನೆ ಎಂಬುದನ್ನು ಇಲ್ಲಿ ಒಮ್ಮೆ ಬಿಡಿಸಿ ಬರೆಯುತ್ತಿದ್ದೇನೆ.

ಪೋರ್ಟ್‌ಫೋಲಿಯೊಗೆ ಕ್ಲೈಂಟ್ ಇರಲೇಬೇಕೆಂದಿಲ್ಲ, ಆದರೆ ಅದರೊಳಗಿನ ಪ್ರತಿಯೊಂದು ಕೆಲಸಕ್ಕೂ ಒಂದು ಇಕ್ಕಟ್ಟು ಇರಲೇಬೇಕು. ಜಾಗ ಸಾಲದಿರುವುದು, ಒಂದೇ ಬಣ್ಣದ ಶಾಯಿಯಲ್ಲಿ ಮುಗಿಸಬೇಕಾಗಿರುವುದು, ಓದುವವರ ಕಣ್ಣು ಮಂದವಾಗಿರುವುದು, ಎರಡು ಲಿಪಿಗಳು ಒಂದೇ ಫಲಕದಲ್ಲಿ ಹೊಂದಿಕೊಳ್ಳಬೇಕಾಗಿರುವುದು, ಇಂಥವನ್ನು ನಾನು ಇಕ್ಕಟ್ಟು ಎನ್ನುತ್ತೇನೆ. ಕ್ಲೈಂಟ್ ಬಂದಾಗ ಈ ಇಕ್ಕಟ್ಟುಗಳು ಅವರ ಜೊತೆಯಲ್ಲೇ, ಕೇಳದಿದ್ದರೂ ಬರುತ್ತವೆ. ವಿದ್ಯಾರ್ಥಿಯಾದವರು ಅವನ್ನು ತಾವೇ ಹುಡುಕಿಕೊಂಡು ತರಬೇಕಾಗುತ್ತದೆ. ನಿಮ್ಮ ಪೋರ್ಟ್‌ಫೋಲಿಯೊ ನೋಡುವವರು ಪುಟ ತಿರುಗಿಸುತ್ತಾ ಹುಡುಕುವುದು, ಇಕ್ಕಟ್ಟಿಗೆ ಸಿಕ್ಕಿಕೊಂಡಾಗ ನೀವು ಏನನ್ನು ಉಳಿಸಿಕೊಂಡಿರಿ, ಏನನ್ನು ಬಿಟ್ಟುಕೊಟ್ಟಿರಿ ಎಂಬುದನ್ನು.

ವಿದ್ಯಾರ್ಥಿಗಳ ಪೋರ್ಟ್‌ಫೋಲಿಯೊಗಳಲ್ಲಿ ನಾನು ಅತಿ ಹೆಚ್ಚು ನೋಡಿರುವುದು ಎಲ್ಲಿಯೂ ಇಲ್ಲದ ಒಂದು ಕೆಫೆಯ ಲೋಗೊ. ಕಾಫಿ ಲೋಟದ ಮೇಲೆ, ಚೀಲದ ಮೇಲೆ, ಗೋಡೆಯ ಮೇಲೆ ಅದೇ ಗುರುತನ್ನು ಅಂಟಿಸಿದ ಆರೇಳು ಮಾಕಪ್‌ಗಳು, ಅಂದರೆ ನಿಜವಾದ ವಸ್ತುವಿನ ಫೋಟೊದಂತೆ ಕಾಣುವ ಸಿದ್ಧ ಚಿತ್ರಗಳು ಇರುತ್ತವೆ, ಬೆಳಕು ನೆರಳುಗಳೆಲ್ಲ ಬಹಳ ಚೆನ್ನಾಗಿರುತ್ತವೆ. ಆದರೆ ಆ ಬೆಳಕು ನೆರಳನ್ನು ಮಾಡಿದವರು ಮಾಕಪ್ ಫೈಲ್ ತಯಾರಿಸಿದವರೇ ಹೊರತು ವಿದ್ಯಾರ್ಥಿಯಲ್ಲ, ಮತ್ತು ಅದೇ ಚೀಲವನ್ನು ನಾನು ಅದೇ ವಾರ ಇನ್ನಿಬ್ಬರ ಪೋರ್ಟ್‌ಫೋಲಿಯೊದಲ್ಲೂ ನೋಡಿರುತ್ತೇನೆ. ಇಲ್ಲದ ಕೆಫೆಗೆ ಮಾಡಿದ ಲೋಗೊವನ್ನು ಬೇಡವೆನ್ನುವವರು ಯಾರೂ ಇರುವುದಿಲ್ಲ; ಮಾಲೀಕರಿಗೆ ಹಸಿರು ಇಷ್ಟವಿಲ್ಲ ಎಂಬಂಥ ಸಣ್ಣ ತಕರಾರೂ ಇರುವುದಿಲ್ಲ. ಹಾಗಾಗಿ ವಿದ್ಯಾರ್ಥಿಗೆ ಮೊದಲು ಹೊಳೆದದ್ದೇ ಕೊನೆಯ ಕೆಲಸವೂ ಆಗಿಬಿಡುತ್ತದೆ.

ಇದಕ್ಕೆ ತದ್ವಿರುದ್ಧವಾದ ಒಂದು ಕೆಲಸವನ್ನು ವಿವರವಾಗಿ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ಮಾತ್ರೆಯ ಸ್ಟ್ರಿಪ್ ಅನ್ನು ಕೈಗೆತ್ತಿಕೊಂಡಿದ್ದಳು. ಐದೈದರಂತೆ ಎರಡು ಸಾಲು, ಒಟ್ಟು ಹತ್ತು ಮಾತ್ರೆ. ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಸ್ಟ್ರಿಪ್‌ನ ಒಂದು ತುದಿಯಲ್ಲಿ ಮಾತ್ರ. ಮನೆಯವರು ಕತ್ತರಿಯಿಂದ ಆ ತುದಿಯನ್ನೇ ಮೊದಲು ಕತ್ತರಿಸಿದರೆ, ಡಬ್ಬಿಯಲ್ಲಿ ಉಳಿದ ಆರು ಮಾತ್ರೆಗಳು ಯಾವ ವರ್ಷದವು ಎಂಬುದು ಯಾರಿಗೂ ತಿಳಿಯುವುದಿಲ್ಲ. ಅವಳ ಮೊದಲ ಪ್ರಯತ್ನ ಬಹಳ ಸಹಜವಾದದ್ದು: ಪ್ರತಿಯೊಂದು ಮಾತ್ರೆಯ ಹಿಂಬದಿಯಲ್ಲೂ ಔಷಧಿಯ ಹೆಸರು ಮತ್ತು ದಿನಾಂಕವನ್ನು ಮುದ್ರಿಸುವುದು. ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಅದು ಸೊಗಸಾಗಿಯೇ ಕಂಡಿತ್ತು. ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದಾಗ ಅಕ್ಷರಗಳು 4 ಪಾಯಿಂಟ್‌ಗೆ ಇಳಿದಿದ್ದವು, ಕನ್ನಡಕ ಹಾಕಿಕೊಂಡಿದ್ದ ಅವಳ ಅಜ್ಜಿಗೆ ಒಂದು ಅಕ್ಷರವೂ ಓದಲು ಬರಲಿಲ್ಲ. ಎರಡನೆಯ ಪ್ರಯತ್ನದಲ್ಲಿ ಹೆಸರನ್ನು ಮಾತ್ರೆಯ ಹಿಂದೆ ಉಳಿಸಿ, ದಿನಾಂಕವನ್ನು ಎರಡು ಸಾಲುಗಳ ನಡುವಿನ ಪಟ್ಟಿಗೆ ತಂದು, ಎದುರುಬದುರಾದ ಐದು ಜೋಡಿಗಳಲ್ಲಿ ಪ್ರತಿ ಜೋಡಿಯ ಎರಡು ಮಾತ್ರೆಗಳ ನಡುವೆಯೂ ಒಂದೊಂದು ಸಲ ಬರುವಂತೆ ಮಾಡಿದಳು. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆದಳು. ಜಾಗಕ್ಕಾಗಿ ಕಂಪನಿಯ ಗುರುತನ್ನು ಅರ್ಧಕ್ಕಿಳಿಸಿದಳು.

ಆ ಪುಟದ ಕೊನೆಯಲ್ಲಿ ಅವಳು ಬರೆದಿದ್ದ ಒಂದು ವಾಕ್ಯ ನನಗೆ ಇಡೀ ಪೋರ್ಟ್‌ಫೋಲಿಯೊದಲ್ಲಿ ಅತ್ಯಂತ ಹಿಡಿಸಿತು: ಜೋಡಿಯಾಗಿ ಕತ್ತರಿಸಿದರೆ ದಿನಾಂಕ ಉಳಿಯುತ್ತದೆ, ಒಂದೇ ಮಾತ್ರೆಯನ್ನು ಕತ್ತರಿಸಿಕೊಂಡರೆ ಕತ್ತರಿ ನಡುವಿನ ಪಟ್ಟಿಯ ಮೇಲೆಯೇ ಹಾಯುತ್ತದೆ, ಅದಕ್ಕೆ ನನ್ನಲ್ಲಿ ಇನ್ನೂ ಪರಿಹಾರವಿಲ್ಲ. ಇದು ಎರಡನೆಯ ಸೆಮಿಸ್ಟರಿನ ಅಸೈನ್‌ಮೆಂಟ್ ಆಗಿತ್ತು. ಇದಕ್ಕೆ ಯಾವ ಕ್ಲೈಂಟೂ ಇರಲಿಲ್ಲ, ಮಾಕಪ್ಪೂ ಇರಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಸ್ಟ್ರಿಪ್‌ನ ಮೊಬೈಲ್ ಫೋಟೊ ಒಂದಿತ್ತು, ಅದೂ ಸ್ವಲ್ಪ ಅಲುಗಿತ್ತು.

ಯಾರೂ ಕೇಳದೆ ಮಾಡಿದ ಕೆಲಸಕ್ಕೆ ಬೆಲೆಯಿಲ್ಲ ಎಂದುಕೊಳ್ಳುವವರಿಗೆ ನಾನು ಲಂಡನ್ನಿನ ಭೂಗತ ರೈಲಿನ ನಕ್ಷೆಯನ್ನು ನೆನಪಿಸುತ್ತೇನೆ. ಹ್ಯಾರಿ ಬೆಕ್ ಎಂಜಿನಿಯರಿಂಗ್ ಡ್ರಾಯಿಂಗ್ ಮಾಡುತ್ತಿದ್ದವರು; 1931ರಲ್ಲಿ ತಮ್ಮ ಬಿಡುವಿನ ವೇಳೆಯಲ್ಲಿ, ಯಾರ ಆದೇಶವೂ ಇಲ್ಲದೆ ಆ ನಕ್ಷೆಯ ಕರಡು ಬರೆದರು. ರೈಲಿನ ಒಳಗೆ ಕುಳಿತವರಿಗೆ ನೆಲದ ಮೇಲಿನ ದೂರ ಬೇಕಿಲ್ಲ, ಯಾವ ನಿಲ್ದಾಣದ ನಂತರ ಯಾವುದು, ಎಲ್ಲಿ ಗಾಡಿ ಬದಲಿಸಬೇಕು ಎಂಬುದಷ್ಟೇ ಬೇಕು ಎಂದು ತೀರ್ಮಾನಿಸಿ, ಎಲ್ಲ ಮಾರ್ಗಗಳನ್ನೂ ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆ ಗೆರೆಗಳಿಗೆ ಇಳಿಸಿ, ನಿಲ್ದಾಣಗಳು ಕಿಕ್ಕಿರಿದ ನಗರದ ನಡುಭಾಗವನ್ನು ಹಿಗ್ಗಿಸಿದರು. ನೆಲದ ಮೇಲಿನ ಗುರುತುಗಳಲ್ಲಿ ಥೇಮ್ಸ್ ನದಿಯೊಂದನ್ನು ಉಳಿಸಿಕೊಂಡರು. ಮೊದಲ ಸಲ ಅದು ತಿರಸ್ಕೃತವಾಯಿತು. 1933ರಲ್ಲಿ ಜೇಬಿನ ನಕ್ಷೆಯಾಗಿ ಸಾರ್ವಜನಿಕರ ಕೈಗೆ ಬಂತು. ವಿದ್ಯಾರ್ಥಿಯ ಕೆಲಸವೇ ಬೇಕೆಂದರೆ, ಮರುಬಳಕೆಯನ್ನು ಸೂಚಿಸುವ ಮೂರು ಬಾಣಗಳ ಚಿಹ್ನೆಯನ್ನು 1970ರಲ್ಲಿ ಒಂದು ಸ್ಪರ್ಧೆಗಾಗಿ ರಚಿಸಿದ ಗ್ಯಾರಿ ಆ್ಯಂಡರ್ಸನ್ ಆಗ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ 23 ವರ್ಷದ ಹುಡುಗ. ಇವರಂತೆ ಜಗತ್ಪ್ರಸಿದ್ಧರಾಗಿ ಎಂದು ನಾನು ಹೇಳುತ್ತಿಲ್ಲ. ಆ ನಕ್ಷೆಯನ್ನು ಇಂದು ನೋಡಿದರೂ ಬೆಕ್ ಏನನ್ನು ಕೈಬಿಟ್ಟರು ಎಂಬುದು ಕಾಣುತ್ತದೆ. ಪೋರ್ಟ್‌ಫೋಲಿಯೊದ ಕೆಲಸದಲ್ಲೂ ಅಷ್ಟು ಕಂಡರೆ ಸಾಕು.

ಇಕ್ಕಟ್ಟನ್ನು ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ಬಹಳಷ್ಟು ಸಲ ಅದು ಅಳತೆಯ ರೂಪದಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಲೋಗೊ ಮಾಡುತ್ತಿದ್ದರೆ, ಅದು 16 ಪಿಕ್ಸೆಲ್ ಅಗಲದಲ್ಲಿ ಬ್ರೌಸರಿನ ಟ್ಯಾಬ್ ಮೇಲೆಯೂ, ಒಂದೇ ಬಣ್ಣದ ರಬ್ಬರ್ ಸ್ಟಾಂಪ್‌ನಲ್ಲಿಯೂ ಗುರುತು ಸಿಗಬೇಕೆಂದು ನೀವೇ ಷರತ್ತು ಹಾಕಿಕೊಳ್ಳಿ. ಅರ್ಧ ಅಲಂಕಾರ ತಾನಾಗಿ ಉದುರಿಹೋಗುತ್ತದೆ. ಆ್ಯಪ್‌ನ ಪರದೆ ಮಾಡುತ್ತಿದ್ದರೆ, ಎಲ್ಲರಿಗೂ ಓದಲು ಸಿಗಬೇಕೆಂಬ ಉದ್ದೇಶದಿಂದ ರೂಪಿಸಿರುವ ಡಬ್ಲ್ಯೂಸಿಎಜಿ ಮಾರ್ಗಸೂಚಿಗಳು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಬೆಳಕಿನ ವ್ಯತ್ಯಾಸ, ಇರಬೇಕೆಂದು ಹೇಳುತ್ತವೆ; ನಿಮಗೆ ಬಲು ಇಷ್ಟವಾದ, ಬಿಳಿಯ ಮೇಲಿನ ತಿಳಿ ಬೂದು ಅಕ್ಷರ ಆ ಪರೀಕ್ಷೆಯಲ್ಲಿ ಸೋತಾಗ ಏನು ಮಾಡುತ್ತೀರಿ ಎಂಬುದೇ ಒಂದು ಪುಟದ ವಿಷಯ.

ನಮಗೆ ತೀರ ಹತ್ತಿರವಿರುವ ಇಕ್ಕಟ್ಟು ಮಾತ್ರ ನಮ್ಮ ಲಿಪಿಯದು, ಮತ್ತು ಅದನ್ನು ಬಹಳ ಜನ ಮುಟ್ಟುವುದೇ ಇಲ್ಲ ಎಂಬುದು ನನಗೆ ಅಚ್ಚರಿಯ ವಿಷಯ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಒಂದು ಪೋಸ್ಟರನ್ನು ಮಾಡಿ ನೋಡಿ. “ರಾಷ್ಟ್ರೀಯ” ಎಂಬ ಒಂದೇ ಪದದಲ್ಲಿ ಒತ್ತಿನ ಮೇಲೆ ಒತ್ತು ಬಂದು ಸಾಲಿನ ಕೆಳಗೆ ಇಳಿಯುತ್ತದೆ, ಮುಂದಿನ ಸಾಲಿನ ಗುಡಿಸು ಮೇಲಕ್ಕೆ ಚಾಚುತ್ತದೆ; ಇಂಗ್ಲಿಷಿಗೆ ಸಾಕಾಗಿದ್ದ ಸಾಲಂತರ ಕನ್ನಡಕ್ಕೆ ಸಾಲದೆ ಎರಡೂ ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಬಿಡಿಬಿಡಿಯಾಗಿ ಹರಡಿ ಶೀರ್ಷಿಕೆ ಮಾಡುವ ಅಭ್ಯಾಸವನ್ನು ಇಲ್ಲಿಗೂ ತಂದರೆ, ದೀರ್ಘದ ಚಿಹ್ನೆ ತನ್ನ ಅಕ್ಷರವನ್ನು ಬಿಟ್ಟು ದೂರ ಹೋಗಿ ನಿಲ್ಲುತ್ತದೆ. ಕನ್ನಡಕ್ಕೆ ದೊಡ್ಡಕ್ಷರವೇ ಇಲ್ಲದಿರುವುದರಿಂದ, ಯಾವುದು ಮುಖ್ಯ ಎಂಬುದನ್ನು ತೂಕದಿಂದ, ಗಾತ್ರದಿಂದ, ಜಾಗದಿಂದಲೇ ಹೇಳಬೇಕಾಗುತ್ತದೆ. ಅದೂ ಸಾಲದೆಂಬಂತೆ, ಲೇಔಟ್ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗಿರುವ ಕಂಪೋಸರ್, ಅಂದರೆ ಅಕ್ಷರ ಜೋಡಿಸುವ ವ್ಯವಸ್ಥೆಯನ್ನು ಆಯ್ಕೆ ಮಾಡಿರದಿದ್ದರೆ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ನಿಲ್ಲುವುದುಂಟು; ಹಾಗೆ ಒಡೆದ ಪದವಿರುವ ಪೋಸ್ಟರನ್ನು ನೋಡದೆಯೇ ಪೋರ್ಟ್‌ಫೋಲಿಯೊದ ಮೊದಲ ಪುಟದಲ್ಲಿ ಇಟ್ಟವರನ್ನು ನಾನು ಕಂಡಿದ್ದೇನೆ. ಈ ತೊಡಕುಗಳಲ್ಲಿ ಒಂದನ್ನಾದರೂ ನೀವು ಬಿಡಿಸಿ ತೋರಿಸಿದರೆ, ಕನ್ನಡ ಬಾರದ ಡಿಸೈನರಿಗೂ ನಿಮ್ಮ ಕಣ್ಣು ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ.

ಇನ್ನು ಎಷ್ಟು ಕೆಲಸ ಇರಬೇಕು ಎಂಬ ಮಾತು. ನಾನು ಮೊದಲ ಸಲ ಕಳುಹಿಸಿದ ಪೋರ್ಟ್‌ಫೋಲಿಯೊದಲ್ಲಿ 23 ಕೆಲಸಗಳಿದ್ದವು. ಮೂರು ವರ್ಷ ಪಟ್ಟ ಶ್ರಮವೆಲ್ಲ ಕಾಣಲಿ ಎಂಬ ಆಸೆಯಿಂದ ಮೊದಲ ವರ್ಷದ ಬಣ್ಣದ ಚಕ್ರವನ್ನೂ ಬಿಟ್ಟಿರಲಿಲ್ಲ. ಸಂದರ್ಶನದಲ್ಲಿ ಎದುರು ಕುಳಿತವರು ಬೇಗಬೇಗ ಪುಟ ತಿರುಗಿಸುತ್ತಾ ಬಂದು, ನಾನು ಸಂಖ್ಯೆ ತುಂಬಿಸಲೆಂದೇ ಸೇರಿಸಿದ್ದ ಒಂದು ಆಮಂತ್ರಣ ಪತ್ರಿಕೆಯ ಮುಂದೆ ನಿಂತು, “ಇಲ್ಲಿ ಮೂರು ಫಾಂಟ್ ಯಾಕೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಉಳಿದ ಹತ್ತು ನಿಮಿಷವೂ ಆ ಪತ್ರಿಕೆಯ ಸುತ್ತಲೇ ಕಳೆಯಿತು. ನಾನು ಹೆಮ್ಮೆಪಟ್ಟಿದ್ದ ಪುಸ್ತಕ ವಿನ್ಯಾಸದವರೆಗೆ ಮಾತು ತಲುಪಲೇ ಇಲ್ಲ. ಅಂದಿನಿಂದ ನನ್ನ ಲೆಕ್ಕ ಆರು. ಎಂಟಾದರೂ ತಪ್ಪಿಲ್ಲ, ನಾಲ್ಕೇ ಗಟ್ಟಿ ಕೆಲಸಗಳಿದ್ದರೆ ನಾಲ್ಕೇ ಇರಲಿ. “ಇದು ಯಾಕೆ ಹೀಗಿದೆ?” ಎಂದು ಯಾವ ಪುಟದ ಮೇಲೆ ಬೆರಳಿಟ್ಟು ಕೇಳಿದರೂ ನಿಮ್ಮಿಂದ ಉತ್ತರ ಬರುವಂತಿರಬೇಕು, ಬರದಿದ್ದರೆ ಆ ಪುಟವನ್ನು ತೆಗೆಯಿರಿ.

ಜೋಡಣೆಯ ಕ್ರಮವನ್ನು ಕಾಲಾನುಕ್ರಮಕ್ಕೆ ಬಿಡಬೇಡಿ. ಅತ್ಯುತ್ತಮವಾದದ್ದು ಮೊದಲಿಗೆ, ಗುಣದಲ್ಲಿ ಅದರ ನಂತರದ್ದು ಕೊನೆಗೆ ಇರಲಿ.

ಕೆಲಸದ ಜೊತೆಗೆ ಬರೆಯುವ ಮಾತಿನಲ್ಲಿ ಹೆಚ್ಚಿನವರು ಎಡವುತ್ತಾರೆ. ಕನಿಷ್ಠೀಯತೆ, ಆಧುನಿಕತೆ, ಉಷ್ಣತೆ ಎಂಬ ಪದಗಳು ಎಲ್ಲ ಲೋಗೊಗಳಿಗೂ ಒಪ್ಪುತ್ತವೆ, ಹಾಗಾಗಿ ಯಾವುದಕ್ಕೂ ಒಪ್ಪುವುದಿಲ್ಲ. ತೊಡಕು ಏನಿತ್ತು, ಮೊದಲು ಏನು ಮಾಡಿದೆ, ಅದು ಎಲ್ಲಿ ಕೈಕೊಟ್ಟಿತು, ಆಮೇಲೆ ಏನು ಬದಲಿಸಿದೆ ಎಂದು ನಾಲ್ಕಾರು ವಾಕ್ಯಗಳಲ್ಲಿ ಬರೆದರೆ ಸಾಕು. ಸ್ಕೆಚ್‌ಗಳನ್ನು ಇಡಿ, ಆದರೆ ನಲವತ್ತು ಸ್ಕೆಚ್‌ಗಳ ಒಂದು ಫೋಟೊವನ್ನಲ್ಲ. ಮನಸ್ಸು ಬದಲಾದ ಎರಡು ಮೂರು ಹಂತಗಳನ್ನು ಮಾತ್ರ ಆರಿಸಿ ಇಡಿ. ಎಲ್ಲ ಮುಗಿದ ಮೇಲೆ ಪೋರ್ಟ್‌ಫೋಲಿಯೊಗಾಗಿಯೇ ಚೊಕ್ಕಟವಾಗಿ ಬರೆದ ಸ್ಕೆಚ್ ನೋಡಿದ ಕೂಡಲೇ ಗೊತ್ತಾಗುತ್ತದೆ, ಅದರಲ್ಲಿ ಹೊಡೆದುಹಾಕಿದ ಗೆರೆಯೇ ಇರುವುದಿಲ್ಲ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದು, ಚಿತ್ರ ಯಾರದು, ಫೋಟೊ ಯಾರದು ಎಂಬುದನ್ನು ಅದೇ ಪುಟದಲ್ಲಿ ತಿಳಿಸಿ; ಅದೇ ಗುಂಪಿನ ಇನ್ನೊಬ್ಬರ ಅರ್ಜಿಯೂ ಅದೇ ಮೇಜಿನ ಮೇಲೆ ಬಂದಿರುವ ಸಾಧ್ಯತೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಎಐ ಉಪಕರಣದಿಂದ ಚಿತ್ರ ಮಾಡಿಸಿದ್ದರೆ ಅದನ್ನೂ ಹೀಗೆಯೇ ಬರೆಯಿರಿ.

ಪ್ರಸಿದ್ಧ ಕಂಪನಿಯೊಂದರ ಲೋಗೊವನ್ನು ತಾನೇ ಮರುವಿನ್ಯಾಸ ಮಾಡಿ ಇಡಬಹುದೇ ಎಂದು ಕೆಲವರು ಕೇಳುತ್ತಾರೆ. ಇಡಬಹುದು, ಅದು ಸ್ವಂತ ಅಭ್ಯಾಸ, ಕಂಪನಿಗಾಗಿ ಮಾಡಿದ್ದಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರೆ. ಆದರೂ ನನಗೆ ಅಂಥವು ಅಷ್ಟಾಗಿ ರುಚಿಸುವುದಿಲ್ಲ, ಏಕೆಂದರೆ ಹಳೆಯ ಲೋಗೊ ಹಾಗೇಕೆ ಇದೆ ಎಂಬುದರ ಒಳಗಿನ ಕಾರಣಗಳು ಹೊರಗಿನವರಿಗೆ ಗೊತ್ತಿರುವುದಿಲ್ಲ. ಅದರ ಬದಲು ಯಾರೂ ಗಮನಿಸದ ಒಂದು ಅರ್ಜಿ ನಮೂನೆ, ಒಂದು ರಸೀದಿ, ಲಿಫ್ಟ್‌ನ ಗುಂಡಿಗಳ ಫಲಕವನ್ನು ತೆಗೆದುಕೊಂಡರೆ, ಅದನ್ನು ಬಳಸುವವರನ್ನು ನೀವೇ ನಿಂತು ನೋಡಬಹುದು.

ತಾಂತ್ರಿಕ ವಿಷಯಗಳನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಮುದ್ರಣಕ್ಕೆ ಮಾಡಿದ ಕೆಲಸವನ್ನು ಒಮ್ಮೆಯಾದರೂ ಮುದ್ರಿಸಿ ನೋಡಿ; ಕೆಂಪು, ಹಸಿರು, ನೀಲಿ ಬೆಳಕಿನಿಂದಾದ ಪರದೆಯ ಆರ್‌ಜಿಬಿ ಬಣ್ಣಗಳು ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆ ಶಾಯಿಗೆ ಬಂದಾಗ, ಮುಖ್ಯವಾಗಿ ಹೊಳೆಯುವ ಹಸಿರು ಮತ್ತು ನೀಲಿಗಳು, ಮಂಕಾಗುತ್ತವೆ. ಅಂಚಿನವರೆಗೆ ಬಣ್ಣವಿದ್ದರೆ ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಆಮೇಲೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು, ಬಿಡುವುದು ರೂಢಿ, ಚಿತ್ರಗಳಿಗೆ ಮುದ್ರಿಸುವ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್. ಕಳುಹಿಸುವ ಪಿಡಿಎಫ್ ಮಾತ್ರ ಹಗುರವಾಗಿರಲಿ, ಫಾಂಟ್‌ಗಳು ಅದರೊಳಗೇ ಸೇರಿರಲಿ, ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರಿರಲಿ. “ಫೈನಲ್‌ಫೈನಲ್2” ಎಂಬ ಹೆಸರಿನ ಫೈಲುಗಳು ನನ್ನ ಕಂಪ್ಯೂಟರಿನಲ್ಲಿ ಈಗಾಗಲೇ ಬೇಕಾದಷ್ಟಿವೆ. ಲಿಂಕ್ ಕಳುಹಿಸುವುದಾದರೆ ಬೇರೆಯವರ ಫೋನಿನಲ್ಲಿ ಅದನ್ನು ತೆರೆಯಿರಿ; ನಿಮ್ಮ ಫೋನಿನಲ್ಲಿ ನೀವು ಮೊದಲೇ ಲಾಗಿನ್ ಆಗಿರುವುದರಿಂದ ಅನುಮತಿಯ ತೊಡಕು ನಿಮಗೆ ಕಾಣುವುದೇ ಇಲ್ಲ.

ಆರು ಕೆಲಸಗಳೂ ಇಲ್ಲ, ಅರ್ಜಿಗೆ ಉಳಿದಿರುವುದು ಒಂದೇ ತಿಂಗಳು ಎನ್ನುವವರು ಹೊಸದಾಗಿ ನಾಲ್ಕು ಪ್ರಾಜೆಕ್ಟ್ ಶುರು ಮಾಡಬೇಡಿ. ಹಳೆಯ ಅಸೈನ್‌ಮೆಂಟ್‌ಗಳಲ್ಲಿ ಎರಡನ್ನು ಆರಿಸಿ, ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಡಿಸೈನ್ ಓದದ ಮೂವರ ಕೈಗೆ ಕೊಟ್ಟು, ಏನನ್ನೂ ವಿವರಿಸದೆ ಸುಮ್ಮನೆ ಕುಳಿತು ನೋಡಿ. ಅವರು ಎಲ್ಲಿ ಕಣ್ಣು ಕಿರಿದು ಮಾಡುತ್ತಾರೋ, ಯಾವ ಮೂಲೆಯನ್ನು ನೋಡದೆಯೇ ಪುಟ ಮಗುಚುತ್ತಾರೋ ಅದನ್ನು ಗುರುತು ಹಾಕಿಕೊಂಡು ಅಲ್ಲಿಂದ ಕೆಲಸವನ್ನು ಮತ್ತೆ ಆರಂಭಿಸಿ, ಹಳೆಯ ರೂಪವನ್ನೂ ಹೊಸ ರೂಪವನ್ನೂ ಅಕ್ಕಪಕ್ಕದ ಪುಟಗಳಲ್ಲಿ ಇಡಿ.